ಬಿಚ್ಚಿ ಬ್ಯಾಗಿಗೆ ಹಾಕುವ ಎಲೆಕ್ಟ್ರಿಕ್ ಗಿಟಾರ್: ಮೂರು ಮಾದರಿ ಮುಗಿದಿವೆ, ಇನ್ನು ಮಾರಾಟಕ್ಕೆ ಇಳಿಯಲೇ?

ತಂತಿಮನೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷ ಟೂಲ್ ರೂಮಿನಲ್ಲಿ ದುಡಿದು ಹೋದ ವರ್ಷ ಕೆಲಸ ಬಿಟ್ಟೆ. ಮನೆ ಹಿಂದಿನ ಶೆಡ್ಡಿನಲ್ಲಿ ಒಂದು ಸಣ್ಣ ರೌಟರ್, ಒಂದು ಬ್ಯಾಂಡ್ ಸಾ, ಸಾಲದಲ್ಲಿ ತಂದ ಒಂದು ಡ್ರಿಲ್ ಪ್ರೆಸ್. ಈ ತನಕ ಮೂರು ಗಿಟಾರ್ ಮಾಡಿದ್ದೇನೆ. ಮೊದಲನೆಯದು ಸೌದೆ. ಎರಡನೆಯದು ನುಡಿಯುತ್ತದೆ. ಮೂರನೆಯದನ್ನು ಹೆದರದೆ ಇನ್ನೊಬ್ಬರ ಕೈಗೆ ಕೊಡಬಹುದು.

ಮಾಮೂಲಿ ಎಲೆಕ್ಟ್ರಿಕ್ ಗಿಟಾರ್ ಹೆಚ್ಚುಕಡಿಮೆ ಒಂದು ಮೀಟರ್ ಉದ್ದ. ವಿಮಾನದಲ್ಲಿ ಕೈಯಲ್ಲಿ ಒಯ್ಯುವ ಚೀಲಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಇರುವ ಅಳತೆ 55 × 35 × 25 ಸೆಂ.ಮೀ., ತೂಕ 7 ಕೆ.ಜಿ. ತುದಿಯ ತಲೆ ಕತ್ತರಿಸಿ, ತಂತಿ ಬಿಗಿಯುವ ಟ್ಯೂನರನ್ನು ಕೆಳತುದಿಯ ಬ್ರಿಡ್ಜ್ ಕಡೆ ತಂದರೂ 648 ಮಿ.ಮೀ. ಸ್ಕೇಲಿನ (ನುಡಿಯುವ ತಂತಿಯ ಉದ್ದ) ಗಿಟಾರ್ 73–75 ಸೆಂ.ಮೀ.ಗಿಂತ ಕಮ್ಮಿಯಾಗದು. ಹಾಗಾಗಿ ಬೆರಳಿಟ್ಟು ನುಡಿಸುವ ಉದ್ದನೆಯ ಹಿಡಿಯನ್ನೇ, ಅಂದರೆ ನೆಕ್ಕನ್ನೇ, ಬಿಚ್ಚುವಂತೆ ಮಾಡಿದೆ. ತಂತಿ ಕೂರುವ ಮೇಲ್ತುದಿಯ ನಟ್‌ನಿಂದ 22ನೇ ಫ್ರೆಟ್‌ವರೆಗೆ (ಫ್ರೆಟ್ ಅಂದರೆ ನೆಕ್ ಮೇಲಿನ ಲೋಹದ ಗೆರೆ) 466 ಮಿ.ಮೀ., ತಂತಿ ಬಿಗಿಯುವ ಕ್ಲಾಂಪ್ ಸೇರಿ 50 ಸೆಂ.ಮೀ. ಆಸುಪಾಸು. ಉಳಿದದ್ದು 26–28 ಸೆಂ.ಮೀ. ತುಂಡು. ಎರಡೂ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಕೂರುತ್ತವೆ.

ನಡುವೆ ಒಂದು ಬೆನ್ನೆಲುಬು, ಅದಕ್ಕೆ ಎಡಕ್ಕೊಂದು ಬಲಕ್ಕೊಂದು ರೆಕ್ಕೆ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ಪುಗಳು ಡಬ್ಬಿಯ ಹಾಗೆ ಹಿಂದಿನಿಂದ ಜಾರಿಸಿ ಹಾಕುವಂಥವು: ಸಿಂಗಲ್ ಕಾಯಿಲ್, ಹಂಬಕರ್, ಪಿ-90, ಮೂರು ಬಗೆ. ನೆಕ್ ಎರಡು ಬಗೆ. ರೆಕ್ಕೆ ಎರಡು ಆಕಾರ. ಬಣ್ಣ ಮೂರು. ಗಿರಾಕಿ ಬೇಕಾದಂತೆ ಜೋಡಿಸಿಕೊಳ್ಳಬಹುದು.

ಒಂದಕ್ಕೆ ಖರ್ಚು 32,000 ಬರುತ್ತಿದೆ. 55,000ಕ್ಕೆ ಮಾರೋಣ ಅಂತಿದ್ದೇನೆ. ಬೆಲೆ ಸರಿಯೇ? ಯಾರು ಕೊಳ್ಳುತ್ತಾರೆ? ಹೊಗಳಿಕೆ ಬೇಡ, ಮನೆಯಲ್ಲಿ ಸಾಕಷ್ಟು ಸಿಕ್ಕಿದೆ.

ಹಳೇ ಟ್ಯೂಬ್ (ಬೆಂಗಳೂರು)

ಹೊಗಳಲ್ಲ, ನಿಶ್ಚಿಂತೆಯಿಂದಿರಿ.

ಗಿಟಾರನ್ನು ಬಿಡಿಭಾಗವಾಗಿ ಯೋಚಿಸಿದ್ದು ನೀವು ಮೊದಲಲ್ಲ. ಅಮೆರಿಕದ ಲಿಯೋ ಫೆಂಡರ್ ರೇಡಿಯೊ ರಿಪೇರಿ ಮಾಡುತ್ತಿದ್ದವನು. 1950ರಲ್ಲಿ ನೆಕ್ಕನ್ನು ನಾಲ್ಕು ಸ್ಕ್ರೂ ಹಾಕಿ ಕೂರಿಸಿದ. ಕೆಟ್ಟರೆ ಬಿಚ್ಚಿ ಇನ್ನೊಂದು ಹಾಕು, ಅಷ್ಟೇ ಲೆಕ್ಕ. ನಿಮ್ಮ ‘ಬೆನ್ನೆಲುಬು, ರೆಕ್ಕೆ’ಯನ್ನು ಗಿಟಾರ್ ವಾದಕ ಲೆಸ್ ಪಾಲ್ 1940ರ ಸುಮಾರಿಗೇ ಮಾಡಿದ್ದ. ಒಂದು ಪೈನ್ ತೊಲೆಗೆ ತಂತಿ, ಪಿಕಪ್ ಹಾಕಿದ. ಬರೀ ತೊಲೆ ಹಿಡಿದು ನುಡಿಸಿದಾಗ ಜನ ಮೂಸಲಿಲ್ಲ, ಎರಡೂ ಕಡೆ ಗಿಟಾರಿನ ರೆಕ್ಕೆ ಅಂಟಿಸಿದ ಮೇಲೆ ಒಪ್ಪಿದರು ಅಂತ ಅವನೇ ಹೇಳಿಕೊಳ್ಳುತ್ತಿದ್ದ. ನೆಡ್ ಸ್ಟೈನ್‌ಬರ್ಗರ್ 1980ರ ಸುಮಾರಿಗೆ ತಲೆಯನ್ನೇ ತೆಗೆದ, 1987ರಲ್ಲಿ ದೊಡ್ಡ ಗಿಟಾರ್ ಕಂಪನಿ ಗಿಬ್ಸನ್ ಅವನ ಕಂಪನಿಯನ್ನು ಕೊಂಡಿತು.

ಇನ್ನು ನಿಮ್ಮ ಜಾರುವ ಪಿಕಪ್ ಡಬ್ಬಿ. 1969ರಲ್ಲಿ ಆಂಪೆಗ್ ಕಂಪನಿಗೆ ಡ್ಯಾನ್ ಆರ್ಮ್‌ಸ್ಟ್ರಾಂಗ್ ಇದನ್ನೇ ಮಾಡಿಕೊಟ್ಟ. ಪಾರದರ್ಶಕ ಅಕ್ರಿಲಿಕ್ ಗಿಟಾರ್, ಪಿಕಪ್ ಜಾರಿಸಿ ಬದಲಿಸಬಹುದು. ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಕೀತ್ ರಿಚರ್ಡ್ಸ್ ವೇದಿಕೆ ಮೇಲೆ ನುಡಿಸಿದ. ಅಷ್ಟಾದರೂ 1971ಕ್ಕೆ ಉತ್ಪಾದನೆ ನಿಂತುಹೋಯಿತು. ಕೆಲಸ ಮಾಡುತ್ತಿರಲಿಲ್ಲ ಅಂತಲ್ಲ. ಪಿಕಪ್ ಬದಲಿಸಬೇಕು ಅಂತ ಜನಕ್ಕೆ ಅನ್ನಿಸುವುದು ವರ್ಷಕ್ಕೊಮ್ಮೆ. ಆ ಒಂದು ದಿನಕ್ಕಾಗಿ ಉಳಿದ 364 ದಿನ ಯಾರು ದುಡ್ಡು ಕೊಡ್ತಾರೆ?

ಇನ್ನೊಂದು ಕಡೆ ನೋಡಿ, ನಮ್ಮೂರಿನ ರಾಡೆಲ್ ಎಲೆಕ್ಟ್ರಾನಿಕ್ ತಂಬೂರಿ. ಎಚ್‌ಎಎಲ್‌ನಲ್ಲಿ ಎಂಜಿನಿಯರಾಗಿದ್ದ, ಕೊಳಲು ನುಡಿಸುವ ಜಿ. ರಾಜ್ ನಾರಾಯಣ್ ಅವರದು. ತಂಬೂರಿ ಹೊತ್ತು ಊರೂರು ಸುತ್ತುವ ಕಷ್ಟ ಗಾಯಕರಿಗೆ ಗೊತ್ತಿತ್ತು. ಡಬ್ಬಿ ಶ್ರುತಿ ಕೊಟ್ಟಿತು, ಜೋಳಿಗೆಗೆ ಹೋಯಿತು. ಹತ್ತು ಕೆಲಸ ಮಾಡು ಅಂತ ಯಾರೂ ಅದನ್ನು ಕೇಳಲಿಲ್ಲ.

ರಸಮಂಜರಿ ಗಿಟಾರ್ (ಹುಬ್ಬಳ್ಳಿ)

ಅಣ್ಣಾರ, ವಿಮಾನದ ಮಾತ ಬಿಡ್ರಿ. ನಮ್ಮಂಥವರು ಎಷ್ಟ ಮಂದಿ ವಿಮಾನ ಹತ್ತತೇವಿ? ಆರ್ಕೆಸ್ಟ್ರಾದಾಗ ನುಡಸಾಕತ್ತು ಹನ್ನೊಂದು ವರ್ಷ ಆತು. ದೀಪಾವಳಿ ಆದಮ್ಯಾಗ ಜಾತ್ರಿ ಸೀಸನ್ ಸುರು ಆದ್ರ ಯುಗಾದಿ ತನಕ ಇವತ್ತ ಗದಗ, ನಾಳೆ ಇಂಡಿ, ನಾಡದು ರಾಯಚೂರ. ಟೆಂಪೋದಾಗ ಹದಿನಾಲ್ಕ ಮಂದಿ, ಎರಡ ಕೀಬೋರ್ಡ್, ಪ್ಯಾಡ್, ಸ್ಪೀಕರ್. ಅದರ ಮ್ಯಾಲೆ ನನ್ನ ಗಿಟಾರ. ಎರಡು ಸಲ ಹೆಡ್ ಮುರದೈತಿ. ಫೆವಿಕಾಲ್ ಹಚ್ಚಿ ಕ್ಲಾಂಪ್ ಹಾಕಿ ಮರುದಿನ ಅದನ್ನ ನುಡಿಸೀನಿ.

ನಿಮ್ಮದರಾಗ ತಲಿನೇ ಇಲ್ಲಂದ್ರ ಅದೊಂದು ಸಮಾಧಾನ ನೋಡ್ರಿ. ಆದ್ರ ಮೂರು ಮಾತ ಕೇಳತೇನಿ. ಒಂದು, ದಿನಾ ಬಿಚ್ಚಿ ಜೋಡಿಸಿದ್ರ ತಂತಿ ಉಳೀತಾವನ? ಎರಡು, ತಂತಿ ಹರೀತಂದ್ರ ಬಸ್‌ಸ್ಟ್ಯಾಂಡ್ ಬಾಜೂ ಇರೋ ಮ್ಯೂಸಿಕ್ ಅಂಗಡ್ಯಾಗ ಸಿಗೋ ಸಾದಾ ತಂತಿ ನಡೀತದೇನು, ಇಲ್ಲಾ ಎರಡೂ ಕಡೆ ಗುಂಡಿರೋ ತಂತಿನೇ ತರಿಸಬೇಕೇನು? ಮೂರು, ಕುಂತು ನುಡಸಾಕ ತೊಡಿ ಮ್ಯಾಲೆ ನಿಲ್ಲತೈತೇನು?

ರೇಟಿನ ಮಾತ ಆಮ್ಯಾಲ.

ತಂತಿಮನೆ (ಮೈಸೂರು)

ಹುಬ್ಬಳ್ಳಿ ಅಣ್ಣ, ಸಾದಾ ತಂತಿಯೇ ನಡೆಯುತ್ತದೆ. ಗುಂಡಿರುವ ತುದಿ ಬ್ರಿಡ್ಜಿನ ಟ್ಯೂನರಿನಲ್ಲಿ ಕೂರುತ್ತದೆ. ಇನ್ನೊಂದು ತುದಿಯನ್ನು ನಟ್ ಹಿಂದಿನ ಕ್ಲಾಂಪಿನಲ್ಲಿ ಸಿಕ್ಕಿಸಿ, ಸ್ಕ್ರೂ ಬಿಗಿದು, ಉಳಿದದ್ದನ್ನು ಕತ್ತರಿಸುವುದು. ಕೆಳಗಿನ ರೆಕ್ಕೆ ಇದ್ದರೆ ತೊಡೆ ಮೇಲೆ ನಿಲ್ಲುತ್ತದೆ, ಇಲ್ಲದಿದ್ದರೆ ಜಾರುತ್ತದೆ.

ಮೊದಲ ಪ್ರಶ್ನೆಗೆ ನಾನಿನ್ನೂ ಪರೀಕ್ಷೆ ಮಾಡಿಲ್ಲ. ಮಾಡದೇ ಹೇಳುವುದಿಲ್ಲ.

ಟ್ಯೂಬ್ ಸರ್, ಪಿಕಪ್ ಡಬ್ಬಿಗೆ ಐದು ತಿಂಗಳು ಹಾಕಿದ್ದೇನೆ. ಅದನ್ನು ಬಿಡುವುದು ಅಷ್ಟು ಸುಲಭವಲ್ಲ.

ಹಳೇ ಟ್ಯೂಬ್ (ಬೆಂಗಳೂರು)

ಐದು ತಿಂಗಳು ನೀವು ಹಾಕಿದ್ದು. ಗಿರಾಕಿ ಹಾಕಿಲ್ಲ.

ಪೀಣ್ಯ ಮಿಲ್ಲಿಂಗ್

ನಮ್ಮದು ಪೀಣ್ಯ ಎರಡನೇ ಹಂತದಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಜಾಬ್ ವರ್ಕ್. ಗಿಟಾರ್ ಗೊತ್ತಿಲ್ಲ, ಕೀಲು ಗೊತ್ತು.

10–46 ದಪ್ಪದ ತಂತಿ ಸೆಟ್ಟು ಮಾಮೂಲಿ ಶ್ರುತಿಯಲ್ಲಿ ಆರೂ ಸೇರಿ ಸುಮಾರು 47 ಕೆ.ಜಿ. ಎಳೆಯುತ್ತದೆ. ಹೆಚ್ಚುಕಡಿಮೆ ಒಂದು ಮೂಟೆ ಸಿಮೆಂಟು. ಅಷ್ಟನ್ನು ಮರದಲ್ಲಿ ಕೊರೆದ ಸ್ಕ್ರೂ ತೂತು ಒಂದೆರಡು ಸಲ ತಡೆದೀತು, ದಿನಾ ಬಿಚ್ಚಿ ಹಾಕಿದರೆ ಮರದ ಎಳೆ ಪುಡಿಯಾಗುತ್ತದೆ. ಲೋಹದ ಥ್ರೆಡ್ ಇನ್‌ಸರ್ಟ್ (ಒಳಗೆ ತಿರುಪಿರುವ ಕೊಳವೆ) ಹಾಕಿ. ಎಂ6 ಬೋಲ್ಟ್ ಎರಡು ಸಾಕು, ಬೋಲ್ಟ್ ಇರುವುದು ಹಿಡಿದಿಡಲಿಕ್ಕೆ ಮಾತ್ರ. ಜಾಗ ತೋರಿಸುವುದು ಡೋವೆಲ್ ಪಿನ್ನಿನ (ತಿರುಪಿಲ್ಲದ ನಯವಾದ ಕಡ್ಡಿ) ಕೆಲಸ. ಒಂದು ಪಿನ್ನಿಗೆ ದುಂಡು ತೂತು, ಇನ್ನೊಂದಕ್ಕೆ ಸ್ವಲ್ಪ ಉದ್ದ ತೂತು. ಎರಡೂ ದುಂಡು ಮಾಡಿದರೆ ಮಳೆಗಾಲದಲ್ಲಿ ಮರ ಉಬ್ಬಿದಾಗ ಒಳಗೇ ಹೋಗುವುದಿಲ್ಲ.

ಧೂಳಿನ ಲೆಕ್ಕ ಮಾಡಿದ್ದೀರಾ? ನೆಕ್ ಕೂರುವ ಗುಳಿ, ಅಂದರೆ ಪಾಕೆಟ್, 75 ಮಿ.ಮೀ. ಉದ್ದ ಅಂದುಕೊಳ್ಳಿ. ಅದರ ಒಂದು ತುದಿಯಲ್ಲಿ 0.1 ಮಿ.ಮೀ. ಕಸ ಕೂತರೆ ನೆಕ್ ಓರೆಯಾಗಿ, 12ನೇ ಫ್ರೆಟ್ಟಿನಲ್ಲಿ ತಂತಿ ಎತ್ತರ 0.1ರಿಂದ 0.17 ಮಿ.ಮೀ. ಬದಲಾಗುತ್ತದೆ. ಕೈ ಪಳಗಿದವರಿಗೆ ಅದು ತಿಳಿಯುತ್ತದೆ ಅಂತ ನಮ್ಮ ಹುಡುಗನೊಬ್ಬ ಗಿಟಾರ್ ನುಡಿಸುವವನು ಹೇಳಿದ. ಅದಕ್ಕೇ ತಳವಿಡೀ ಮುಟ್ಟಿಸಬೇಡಿ. ಮೂರು ಕಡೆ ಚಿಕ್ಕ ಅಲ್ಯೂಮಿನಿಯಂ ಗುಬುಟು ಬಿಡಿ, ನೆಕ್ ಅವುಗಳ ಮೇಲೇ ಕೂರಲಿ. ಮೂರು ಕಾಲಿನ ಮಣೆ ಅಲುಗಾಡುವುದಿಲ್ಲ. ಕಸ ಕೂರಲು ಜಾಗವೂ ಕಮ್ಮಿ.

ಇಪ್ಪತ್ತು ಸೆಟ್ ಒಟ್ಟಿಗೆ ಕೊಟ್ಟರೆ ಒಂದಕ್ಕೆ ಬೀಳುವ ಸೆಟಪ್ ಖರ್ಚು ಇಳಿಯುತ್ತದೆ. ಆದರೆ ಇಪ್ಪತ್ತೂ ಒಂದೇ ಡ್ರಾಯಿಂಗ್ ಆಗಿರಬೇಕು. ಎರಡು ಬಗೆ ನೆಕ್, ಎರಡು ಬಗೆ ರೆಕ್ಕೆ ಅಂದ್ರೆ ನಾನು ಫೋನ್ ಇಡ್ತೀನಿ.

ಕುಡ್ಲ ಬೇಸ್ (ಮಂಗಳೂರು)

ನಾನು ಬೇಸ್ ನುಡಿಸುವವಳು, ಚರ್ಚ್ ಕ್ವಾಯರಿನಲ್ಲಿ, ಮತ್ತೆ ಮದುವೆ ಬ್ಯಾಂಡಿನಲ್ಲಿ. ನಮ್ಮಲ್ಲಿಯ ಜೂನ್ ತಿಂಗಳು ನಿಮಗೆ ಗೊತ್ತುಂಟಾ ಮಾರಾಯ್ರೆ? ಕಪಾಟಿನೊಳಗಿನ ಬೆಲ್ಟಿಗೂ ಬೂಸ್ಟು ಹಿಡಿಯುತ್ತದೆ. ಪಿಕಪ್ ಡಬ್ಬಿಗೆ ಸ್ಪ್ರಿಂಗ್ ಪಿನ್ ಕಾಂಟ್ಯಾಕ್ಟ್ ಅಂತ ಹಾಕಿದರೆ ಎರಡು ಮಳೆಗಾಲದಲ್ಲಿ ಕಿಲುಬು ಬಂದು ಕರಕರ ಸದ್ದು ಶುರು. ಪೂಜೆಯ ನಡುವೆ ಅದು ಬಂದರೆ ಫಾದರ್ ನನ್ನನ್ನೇ ನೋಡುವುದು, ನಿಮ್ಮನ್ನಲ್ಲ.

ಬ್ರಿಡ್ಜಿನಿಂದ ಗ್ರೌಂಡ್ ವೈರ್ ಹೇಗೆ ಕೊಟ್ಟಿದ್ದೀರಿ? ಅದು ಬಿಚ್ಚುವ ಕೀಲಿನ ಮೂಲಕ ಹೋಗುವುದಾದರೆ ಬೇಡ. ಕೈ ತಂತಿಯಿಂದ ತೆಗೆದ ಕೂಡಲೇ ಗುಂಯ್ ಅನ್ನುವ ಗಿಟಾರು ಯಾರಿಗೂ ಬೇಡ. ಹಂಬಕರ್ ಹಾಕಿದರೂ ಎರಡು ಕಾಯಿಲ್ ಒಂದರ ಗುಂಯ್ ಇನ್ನೊಂದು ತಿನ್ನುವುದು ಅಷ್ಟೆ, ಗ್ರೌಂಡ್ ಸರಿ ಇಲ್ಲದಿದ್ದರೆ ಅದೂ ಕೈಕೊಡುತ್ತದೆ. ಒಳಗೆಲ್ಲ ತಾಮ್ರದ ಟೇಪು ಹಚ್ಚಿ, ವೈರ್ ಬೆಸುಗೆ ಹಾಕಿಬಿಡಿ. ಎರಡು ಹಂಬಕರ್, ಕಾಯಿಲ್ ಒಡೆಯುವ, ಅಂದರೆ ಎರಡರಲ್ಲಿ ಒಂದೇ ಕಾಯಿಲ್ ಉಳಿಸುವ, ಒಂದು ಸ್ವಿಚ್ಚು. ನನ್ನ ಪ್ರಕಾರ ಅಷ್ಟರಲ್ಲಿ ಎಲ್ಲ ಆಯಿತು.

ಬೇಸ್ ಮಾಡುವುದಿದ್ದರೆ ಹೇಳಿ. ಬೇಸ್ ಹೊರುವವರ ಹೆಗಲು ಗಿಟಾರಿನವರಿಗೆ ಅರ್ಥವಾಗುವುದಿಲ್ಲ.

ಲೆಕ್ಕದಕ್ಕ (ದಾವಣಗೆರೆ)

ಸಣ್ಣ ಉದ್ಯಮಗಳ ಲೆಕ್ಕ ಬರೆಯುವುದು ನನ್ನ ಕೆಲಸ. ತಮ್ಮಾ, ಆ 32,000ದಲ್ಲಿ ಏನೇನಿದೆ, ಬಿಡಿಸಿ ಹಾಕಪ್ಪ.

ತಂತಿಮನೆ (ಮೈಸೂರು)

ಅಕ್ಕ, ಆಮದು ಬ್ರಿಡ್ಜ್ ಮತ್ತು ಕ್ಲಾಂಪ್ ಸುಂಕ ಸೇರಿ 9,500. ಪಿಕಪ್ 7,000. ಮರ, ಫ್ರೆಟ್, ಟ್ರಸ್ ರಾಡ್ 4,500. ಹೊರಗೆ ಕೊಡುವ ಮಿಲ್ಲಿಂಗ್ 6,500. ಬ್ಯಾಗ್ 2,500. ಪಾಲಿಶ್, ವೈರಿಂಗ್, ಚಿಲ್ಲರೆ 2,000.

ಲೆಕ್ಕದಕ್ಕ (ದಾವಣಗೆರೆ)

ನಿನ್ನ ಕೂಲಿ ಎಲ್ಲಿ? ಒಂದಕ್ಕೆ ಎಷ್ಟು ಗಂಟೆ ಹಿಡಿಯುತ್ತೆ? ಅರವತ್ತು ಅಂದುಕೋ. ಗಂಟೆಗೆ 300 ಅಂದರೂ 18,000. ಆಗಲೇ 50,000 ಆಯ್ತು. ಇನ್ನು ಕರೆಂಟು, ಕೆಟ್ಟುಹೋಗುವ ನೆಕ್ಕು, ವಾಪಸ್ ಬರುವ ಗಿಟಾರಿನ ಕೊರಿಯರ್, ಡ್ರಿಲ್ ಪ್ರೆಸ್ಸಿನ ಸಾಲದ ಬಡ್ಡಿ. 55,000 ಅನ್ನುವುದು ತೆರಿಗೆ ಸೇರಿಸಿದ ಬೆಲೆ ಆದರೆ ನೀನು ಗಿರಾಕಿಗೆ ದುಡ್ಡು ಕೊಟ್ಟು ಗಿಟಾರ್ ಕಳಿಸುತ್ತಿದ್ದೀಯ.

ಜಿಎಸ್‌ಟಿ ವಿಷಯ. ರಾಜ್ಯದೊಳಗೇ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಡ, ನಿಜ. ಆದರೆ ನಿನ್ನ ಒಂದೇ ಒಂದು ಗಿಟಾರ್ ಚೆನ್ನೈಗೋ ಪುಣೆಗೋ ಹೊರಟರೂ ನೋಂದಣಿ ಬೇಕು. ವೀಣೆ, ತಂಬೂರಿಯಂಥ ನಮ್ಮ ಕೈಕೆಲಸದ ವಾದ್ಯಗಳಿಗೆ ಇರುವ ವಿನಾಯಿತಿ ಎಲೆಕ್ಟ್ರಿಕ್ ಗಿಟಾರಿಗೆ ಇಲ್ಲ. ಅದು ತೆರಿಗೆಯ ಸರಕು ಸಂಕೇತ ಎಚ್‌ಎಸ್‌ಎನ್ 9207ರಲ್ಲಿ ಬರುತ್ತೆ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಪುಕ್ಕಟೆ, ಇವತ್ತೇ ಮಾಡಿಸು, ದುಡ್ಡು ಕೇಳುವ ಏಜೆಂಟರ ಹತ್ತಿರ ಹೋಗಬೇಡ. ಹೊರದೇಶಕ್ಕೆ ಕಳಿಸುವ ಆಸೆಯಿದ್ದರೆ ಆಮದು-ರಫ್ತಿನ ಐಇಸಿ ಸಂಖ್ಯೆ ಬೇಕು, ಶುಲ್ಕ 500 ರೂಪಾಯಿ.

ಎರಡು ನೆಕ್ಕು, ಮೂರು ಪಿಕಪ್ಪು, ಎರಡು ರೆಕ್ಕೆ, ಮೂರು ಬಣ್ಣ: ಗುಣಿಸಿದರೆ 36. ಎಡಗೈಯವರನ್ನೂ ಸೇರಿಸಿದರೆ 72. ಮೂರು ಗಿಟಾರ್ ಮಾಡಿದವನು 72 ಬಗೆಯ ಮಾಲು ಇಡುತ್ತೀಯಾ? ಮಾರಾಟವಾಗದ ರೆಕ್ಕೆಗಳೆಲ್ಲ ಅಟ್ಟದ ಮೇಲೆ ಕೂತ ನಿನ್ನ ದುಡ್ಡೇ.

ಇನ್ನೊಂದು ಮಾತು, ಮುಂಗಡದ ಬಗ್ಗೆ. ಈ ಕಸುಬಿನಲ್ಲಿ ಅರ್ಧ ಮುಂಗಡ ಇಸಕೊಳ್ಳೋದು ರೂಢಿ ಅಂತ ಕೇಳಿದ್ದೇನೆ. ನನ್ನ ಕಣ್ಣೆದುರಿಗೇ ಒಬ್ಬ ಪೀಠೋಪಕರಣದವನು ಹೀಗೆ ಮುಳುಗಿದ. ಹೊಸ ಗಿರಾಕಿಯ ಮುಂಗಡದಲ್ಲಿ ಹಳೆ ಗಿರಾಕಿಯ ಮಂಚಕ್ಕೆ ಮರ ತಂದ. ಹೊಸ ಗಿರಾಕಿ ಬರುವುದು ಒಂದು ತಿಂಗಳು ನಿಂತಿತು, ಅಷ್ಟೇ. ಬೇರೆ ಖಾತೆ ತೆಗಿ. ಗಿಟಾರ್ ಮನೆ ಬಾಗಿಲು ದಾಟುವ ತನಕ ಆ ದುಡ್ಡು ನಿನ್ನದಲ್ಲ.

ಬರ್ಲಿನ್ ಕನ್ನಡಿಗ

ಚೆನ್ನಾಗಿ ನಡೆಯುತ್ತಿದೆ ಮಾತು. ನಾನು ತಿಂಗಳಿಗೆರಡು ಸಲ ವಿಮಾನದಲ್ಲಿ ಓಡಾಡುವವನು, ಅಂದರೆ ನೀವು ಮನಸ್ಸಿನಲ್ಲಿಟ್ಟುಕೊಂಡ ಗಿರಾಕಿ. ಇಲ್ಲಿ ತಲೆ ಇಲ್ಲದ, ಮಡಚುವ, ಬಿಚ್ಚುವ ಗಿಟಾರುಗಳು ಹಲವಾರು ಸಿಗುತ್ತವೆ. ಸ್ವೀಡನ್ನಿನ ಸ್ಟ್ರಾಂಡ್‌ಬರ್ಗ್ ಇದೆ, ಅಮೆರಿಕದ ಟ್ರಾವೆಲರ್ ಕಂಪನಿಯ ಕಡ್ಡಿಯಂಥ ಗಿಟಾರುಗಳಿವೆ. ನಿಮ್ಮದನ್ನು ನಾನೇಕೆ ಕೊಳ್ಳಬೇಕು ಅಂತ ಯೋಚಿಸಿದೆ. ಹೋಟೆಲ್ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ನುಡಿಸಲು ನನಗೆ ಪಿಕಪ್ ಬಗೆ ಮುಖ್ಯವಲ್ಲ. ನೆಕ್ ಜೋಡಿಸಿ ಶ್ರುತಿ ಮಾಡಲು ಐದು ನಿಮಿಷ ಮೀರಿದರೆ ನಾನು ನುಡಿಸುವುದೇ ಇಲ್ಲ, ಮಲಗಿಬಿಡುತ್ತೇನೆ.

ಮರ ಯಾವುದು? ಫಿಂಗರ್‌ಬೋರ್ಡ್ (ನೆಕ್ ಮೇಲೆ ಬೆರಳಿಡುವ ಪಟ್ಟಿ) ಬೀಟೆಯಾಗಿದ್ದರೆ ಒಂದಿಷ್ಟು ತಿಳಿದಿರಲಿ. 2017ರ ಜನವರಿ 2ರಿಂದ ಬೀಟೆಯ ಇಡೀ ಕುಲ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಬಗೆಗಿನ) ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿ, ದೇಶ ದಾಟಲು ಪರವಾನಗಿ ಬೇಕಾಗಿ, ಗಿಟಾರ್ ಕಂಪನಿಗಳು ತತ್ತರಿಸಿದವು. 2019ರ ನವೆಂಬರ್ 26ರಿಂದ, ಪೂರ್ತಿ ಮುಗಿದ ವಾದ್ಯಕ್ಕೂ ಮುಗಿದ ಬಿಡಿಭಾಗಕ್ಕೂ ವಿನಾಯಿತಿ ಸಿಕ್ಕಿತು. ಹಲಗೆಗೆ ಸಿಕ್ಕಿಲ್ಲ. ತಮಾಷೆಯೆಂದರೆ, ಬ್ರೆಜಿಲ್ ತನ್ನ ಬೀಟೆಯ ದಿಮ್ಮಿ ಕಳಿಸುವುದನ್ನು ನಿಲ್ಲಿಸಿದ ಮೇಲೆ, 1969ರಲ್ಲಿ ಅಮೆರಿಕದ ಗಿಟಾರ್ ಕಂಪನಿ ಮಾರ್ಟಿನ್ ಭಾರತದ ಬೀಟೆಗೆ ಬದಲಾಯಿತು. ನಮ್ಮ ಘಟ್ಟದ ಮರ ಐವತ್ತು ವರ್ಷದಿಂದ ಊರೆಲ್ಲ ಹಾಡುತ್ತಿದೆ, ಗಿಟಾರಿನ ಮೇಲಿನ ಹೆಸರು ಮಾತ್ರ ಬೇರೆಯವರದು.

ತಂತಿಮನೆ (ಮೈಸೂರು)

ಮರದ ಬಗ್ಗೆ ಕೇಳಿದಿರಿ, ಖುಷಿಯಾಯಿತು. ಫಿಂಗರ್‌ಬೋರ್ಡ್ ಬೀಟೆಯೇ. ರಸೀದಿಯಿಲ್ಲದ ಬೀಟೆ ಮನೆಯಲ್ಲಿಡುವುದೆಂದರೆ ಅರಣ್ಯ ಇಲಾಖೆಯವರನ್ನು ಕಾಫಿಗೆ ಕರೆದಂತೆ. ಹಾಗಾಗಿ ಡಿಪೋ ಹರಾಜಿನಲ್ಲಿ ಕೊಂಡವರಿಂದ ಬಿಲ್ಲು, ಸಾಗಣೆ ಪರವಾನಗಿಯ ಪ್ರತಿ ಸಮೇತ ತರುತ್ತೇನೆ. ಇನ್‌ಲೇ ಕೆಲಸದವರು, ವೀಣೆ ಮಾಡುವವರು ಈ ಊರಲ್ಲಿ ಇರುವುದರಿಂದ ಸಣ್ಣ ತುಂಡುಗಳಿಗೆ ತೊಂದರೆಯಿಲ್ಲ. ಫಿಂಗರ್‌ಬೋರ್ಡಿಗೆ ಬೇಕಾಗಿರುವುದೂ ಸಣ್ಣ ತುಂಡೇ.

ಬೆನ್ನೆಲುಬು ಮಹಾಗನಿ. ರೆಕ್ಕೆಗೆ ಕೊಡಗಿನ ಕಾಫಿ ತೋಟದ ಸಿಲ್ವರ್ ಓಕ್. ತೋಟದವರಿಗೆ ಅದು ಮೆಣಸಿನ ಬಳ್ಳಿ ಹಬ್ಬಿಸುವ ಕಂಬ. ನೇರ ಸೀಳಿದರೆ ಒಳಗೆ ಹಾವಿನ ಪೊರೆಯಂಥ ಹೊಳಪು ಬರುತ್ತದೆ. ತೇವ ಆರಲು ಬಿಡದೆ ಕೊಯ್ದರೆ ಬಿಲ್ಲಿನ ಹಾಗೆ ಬಾಗುತ್ತದೆ. ನನ್ನ ಮೊದಲ ಗಿಟಾರ್ ಸೌದೆಯಾದದ್ದು ಹೀಗೇ.

ಪಕ್ಕದ ಬೀದಿಯಲ್ಲಿ ವೀಣೆ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ನನ್ನ ಗಿಟಾರ್ ನೋಡಿ, “ಇದರಲ್ಲಿ ಹೊಸದೇನಪ್ಪಾ? ವೀಣೆಯ ಬುರುಡೆ ತಿರುಪಿ ಬಿಚ್ಚೋದಲ್ವೇ? ಆದರೆ ತಂತಿ ಎಳೆಯೋ ಜಾಗ ಮಾತ್ರ ಯಾವತ್ತೂ ಬಿಚ್ಚಬೇಡ,” ಅಂದರು. ಆವತ್ತು ನಕ್ಕು ಬಂದೆ.

ಪೀಣ್ಯ ಮಿಲ್ಲಿಂಗ್

ಆ ಯಜಮಾನರ ನಂಬರ್ ಕೊಡಿ, ನಮ್ಮ ಡಿಸೈನ್ ವಿಭಾಗಕ್ಕೆ ಬೇಕು.

ಅಂದ ಹಾಗೆ, ಕೀಲಿನ ಚಿತ್ರಗಳನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ. ಪೇಟೆಂಟ್ ಬೇಕಿದ್ದರೆ ಮೊದಲು ತಾತ್ಕಾಲಿಕ ಅರ್ಜಿ, ಆಮೇಲೆ ಫೋಟೊ. ಆಕಾರ ಮಾತ್ರ ಕಾಪಾಡುವುದಾದರೆ ವಿನ್ಯಾಸ ನೋಂದಣಿ ಇದೆ, ಹತ್ತು ವರ್ಷಕ್ಕೆ, ಮತ್ತೆ ಐದು ವರ್ಷ ಮುಂದುವರಿಸಬಹುದು. ಎರಡಕ್ಕೂ ಮೊದಲೇ ಜಗಜ್ಜಾಹೀರಾದದ್ದು ನಡೆಯುವುದಿಲ್ಲ.

ತಂತಿಮನೆ (ಮೈಸೂರು), ಐದು ವಾರದ ನಂತರ

ಪರೀಕ್ಷೆ ಮುಗಿಯಿತು. ಮೂರನೇ ಗಿಟಾರನ್ನು ದಿನಕ್ಕೆ ಮೂರು ಸಲದಂತೆ ನೂರು ಸಲ ಬಿಚ್ಚಿ ಜೋಡಿಸಿದೆ. ಪೀಣ್ಯದವರು ಹೇಳಿದ ಮೂರು ಗುಬುಟು, ಒಂದು ದುಂಡು ಒಂದು ಉದ್ದ ತೂತು. ಕೀಲು ಏನೂ ಆಗಲಿಲ್ಲ. 12ನೇ ಫ್ರೆಟ್ಟಿನ ಎತ್ತರ ನೂರನೇ ಸಲವೂ 0.05 ಮಿ.ಮೀ. ಒಳಗೇ ಇತ್ತು. ಈ ಸಾಲು ಬರೆಯುವಾಗ ಎದೆ ಉಬ್ಬಿದೆ, ಕ್ಷಮಿಸಿ.

ತಂತಿ ಮಾತ್ರ ಸೋತಿತು. ಸಡಿಲಿಸಿ ಬಿಗಿಸಿ, ಸಡಿಲಿಸಿ ಬಿಗಿಸಿ, ಬ್ರಿಡ್ಜಿನ ಸ್ಯಾಡಲ್ ಮೇಲೆ ಬಾಗುವ ಜಾಗದಲ್ಲಿ ಮೊದಲ ಎರಡು ತಂತಿ ಮತ್ತೆ ಮತ್ತೆ ಹರಿದವು. ಬಿಗಿದ ಮೇಲೆ ಶ್ರುತಿ ನಿಲ್ಲಲು ಹತ್ತು ಹದಿನೈದು ನಿಮಿಷ ಬೇಕು, ಅಷ್ಟು ಹೊತ್ತೂ ಇಳಿಯುತ್ತಲೇ ಇರುತ್ತದೆ. ಬರ್ಲಿನ್‌ನವರು ಮಲಗಿಬಿಡುತ್ತಾರೆ. ಹುಬ್ಬಳ್ಳಿಯವರಿಗೆ ಸೌಂಡ್ ಚೆಕ್ಕಿಗೇ ಅಷ್ಟು ಸಮಯ ಸಿಗುವುದಿಲ್ಲ.

ಆಮೇಲೆ ನೆಕ್ ಬಿಚ್ಚದೆ, ತಂತಿ ಸಡಿಲಿಸದೆ, ರೆಕ್ಕೆ ಮಾತ್ರ ತೆಗೆದು ನೋಡಿದೆ. 74 ಸೆಂ.ಮೀ. ಉದ್ದದ, ಅಂಗೈ ಅಗಲದ ಕಡ್ಡಿ. ವಿಮಾನದ ಅಳತೆಗೆ ದಕ್ಕುವುದಿಲ್ಲ. ಆದರೆ ಸ್ಲೀಪರ್ ಬಸ್ಸಿನ ಬರ್ತಿನಲ್ಲಿ ಕಾಲ ಪಕ್ಕಕ್ಕೆ ಇಡಬಹುದು, ರೈಲಿನ ಸೀಟಿನ ಕೆಳಗೆ ತಳ್ಳಬಹುದು, ಸ್ಕೂಟರಿನಲ್ಲಿ ಬೆನ್ನಿಗೆ ಹಾಕಿಕೊಂಡರೆ ಮೇಲೆ ಕೊಂಬೆಗೆ ತಾಗುವುದಿಲ್ಲ. ಬೆಂಗಳೂರಿಗೆ ಹೋಗಿ ಬಂದೆ. ಇಳಿದು ಎರಡು ರೆಕ್ಕೆ ಸಿಕ್ಕಿಸಲು ನಲವತ್ತು ಸೆಕೆಂಡು. ಶ್ರುತಿ ಇದ್ದಲ್ಲೇ ಇತ್ತು.

ವೀಣೆಯ ಹಿರಿಯರ ಮನೆಗೆ ಅರ್ಧ ಕೆ.ಜಿ. ಮೈಸೂರು ಪಾಕ್ ಒಯ್ದು ಕೊಟ್ಟೆ. ಏಕೆಂದು ಅವರು ಕೇಳಲಿಲ್ಲ.

ಹೀಗಾಗಿ: ಒಂದೇ ಮಾದರಿ. ನೆಕ್ ಒಂದು, ರೆಕ್ಕೆ ಒಂದು ಆಕಾರ, ಎರಡು ಹಂಬಕರ್ ಬೆಸುಗೆ ಹಾಕಿ ಕೂರಿಸಿದ್ದು, ಕಾಯಿಲ್ ಒಡೆಯುವ ಸ್ವಿಚ್ಚು. ಗ್ರೌಂಡ್ ವೈರ್ ಬೆನ್ನೆಲುಬು ಬಿಟ್ಟು ಎಲ್ಲೂ ಹೋಗುವುದಿಲ್ಲ. ನೆಕ್ ಬಿಚ್ಚುವ ಕೀಲು ಹಾಗೇ ಇರುತ್ತದೆ, ವಿಮಾನಕ್ಕೆ ಬೇಕಾದವರು ಬಿಚ್ಚಿಕೊಳ್ಳಲಿ, ತಂತಿ ಹಳತಾಗುತ್ತದೆಂದು ಮೊದಲೇ ಬರೆದುಕೊಡುತ್ತೇನೆ. ಬಣ್ಣ ಇಲ್ಲ, ಮರದ ಬಣ್ಣವೇ. ಕೈಗೆಲಸ ಅರವತ್ತು ಗಂಟೆಯಿಂದ ಮೂವತ್ತೆಂಟಕ್ಕೆ ಇಳಿದಿದೆ. ಅಕ್ಕ ಹೇಳಿದ ಹಾಗೆ ಕೂಲಿ ಸೇರಿಸಿ, ತೆರಿಗೆ ಬಿಟ್ಟು ಬೆಲೆ 58,000. ಪಿಕಪ್ ಡಬ್ಬಿ ಗೋಡೆಯ ಮೇಲೆ ನೇತಾಡುತ್ತಿದೆ.

ಹಳೇ ಟ್ಯೂಬ್ (ಬೆಂಗಳೂರು)

58,000 ಇನ್ನೂ ಜಾಸ್ತಿಯೇ. ಅದರ ಅರ್ಧ ದುಡ್ಡಿಗೆ ಚೀನಾದ ಹೆಡ್‌ಲೆಸ್ (ತಲೆಯಿಲ್ಲದ) ಗಿಟಾರ್ ಬರುತ್ತೆ. ಆದರೆ ಗೋಡೆಗೆ ನೇತುಹಾಕಿದ ಕೆಲಸ ನನ್ನಿಂದ ಆಗುತ್ತಿರಲಿಲ್ಲ. ಬೆಂಗಳೂರಿಗೆ ಬಂದಾಗ ತೋರಿಸಿ.

ಲೆಕ್ಕದಕ್ಕ (ದಾವಣಗೆರೆ)

ಮೊದಲ ಐದಕ್ಕೆ ರಿಯಾಯಿತಿ ಅಂತ ಶುರು ಮಾಡಬೇಡ. ಆಮೇಲೆ ಬರುವವರೆಲ್ಲ ಆರನೆಯವರು ತಾವಲ್ಲ ಅಂತ ವಾದ ಮಾಡ್ತಾರೆ.

ಕುಡ್ಲ ಬೇಸ್ (ಮಂಗಳೂರು)

ಬೇಸಿನ ವಿಷಯ ಯಾರೂ ಮಾತಾಡಲಿಲ್ಲ, ಗಮನಿಸಿದ್ದೇನೆ.

ತಂತಿಮನೆ (ಮೈಸೂರು)

ಮೇಡಂ, ಹತ್ತು ಗಿಟಾರ್ ಮಾರಿದ ಮೇಲೆ ಹನ್ನೊಂದನೆಯದು ಬೇಸ್. ಬರೆದಿಟ್ಟುಕೊಳ್ಳಿ.

ಹುಬ್ಬಳ್ಳಿ ಅಣ್ಣ, ಮಾರುವ ಮೊದಲು ಒಂದು ಸೀಸನ್ ಪೂರ್ತಿ ಟೆಂಪೋದಲ್ಲಿ ಇದು ಉಳಿಯುತ್ತದೆಯೇ ಅಂತ ನೋಡಬೇಕು. ದುಡ್ಡು ಬೇಡ. ಕಳಿಸಿಕೊಡಲೇ? ಮುರಿದರೆ ಎಲ್ಲಿ ಮುರಿಯಿತು ಅಂತ ಫೋಟೊ ಕಳಿಸಿದರೆ ಸಾಕು.

ರಸಮಂಜರಿ ಗಿಟಾರ್ (ಹುಬ್ಬಳ್ಳಿ)

ಕಳಸ್ರಿ ಅಣ್ಣಾರ. ದೀಪಾವಳಿ ಪಾಡ್ಯದ ಮರುದಿನ ಮೊದಲ್ನೇ ಪ್ರೋಗ್ರಾಮ್ ಐತಿ, ಅದರಕಿಂತ ನಾಕ ದಿನ ಮೊದಲ ಬಂದ್ರ ಕೈ ಹೊಂದತೈತಿ. ಆ ರೆಕ್ಕಿ ಬೋಲ್ಟ್ ತಿರುವೋ ಎಲ್ ಕೀ ಇರತೈತಲ್ಲ, ಅದನ್ನ ಮೂರು ಹಾಕಿ ಕಳಸ್ರಿ. ಒಂದು ನಾ ಕಳಕೋತೇನಿ, ಒಂದು ಕೀಬೋರ್ಡಿನಂವ ಸ್ಟ್ಯಾಂಡ್ ಬಿಗ್ಯಾಕ ಒಯ್ದವ ತಿರಗಿ ಕೊಡಂಗಿಲ್ಲ.